ತಯಾರಿಕೆ ನಿಂತುಹೋದ ಸ್ಮಿತ್ ಅಂಡ್ ವೆಸನ್ 4506 ಪಿಸ್ತೂಲು ಸಿಕ್ಕಿದೆ, .45 ಎಸಿಪಿ ಗುಂಡಿನದು. ತಗೊಳ್ಳಲಾ, ಬೇಡವಾ?

ನಾಪೋಕ್ಲು ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರೋದು ಡಲ್ಲಾಸ್ ಹತ್ತಿರ. ಗ್ರೀನ್ ಕಾರ್ಡ್ ಬಂದು ಒಂದೂವರೆ ವರ್ಷ ಆಯಿತು. ಆಫೀಸಿನ ಗೆಳೆಯರ ಜೊತೆ ಆರೇಳು ಸಲ ಶೂಟಿಂಗ್ ರೇಂಜಿಗೆ ಹೋಗಿದ್ದೇನೆ, ಅಲ್ಲಿ ಬಾಡಿಗೆಗೆ ಕೊಡುವ 9 ಎಂಎಂ ಗ್ಲಾಕ್‌ನಲ್ಲಿ ಹೊಡೆದಿದ್ದೇನೆ. ಈಗ ನನ್ನದೇ ಒಂದು ಪಿಸ್ತೂಲು ಬೇಕು ಅನಿಸಿದೆ.

ಕಳೆದ ಶನಿವಾರ ಒಂದು ಸಣ್ಣ ಗನ್ ಅಂಗಡಿಯಲ್ಲಿ ಸ್ಮಿತ್ ಅಂಡ್ ವೆಸನ್ 4506 ನೋಡಿದೆ. ಪೊಲೀಸರು ಬಳಸಿ ವಾಪಸ್ ಕೊಟ್ಟ ಮಾಲು ಅಂತ ಅಂಗಡಿಯವರು ಹೇಳಿದರು. ಪೂರ್ತಿ ಸ್ಟೇನ್‌ಲೆಸ್ ಸ್ಟೀಲು, 5 ಇಂಚು ನಳಿಗೆ, 8 ಗುಂಡು ತುಂಬುವ ಮ್ಯಾಗಜೀನು. ಮೂರು ಮ್ಯಾಗಜೀನ್ ಸೇರಿ 575 ಡಾಲರ್ ಹೇಳುತ್ತಿದ್ದಾರೆ. ಸೊಂಟಕ್ಕೆ ಕಟ್ಟುವ ಪಿಸ್ತೂಲು ಚೀಲದಿಂದ ತೆಗೆದು ಹಾಕಿ ಮಾಡಿ ಅಂಚುಗಳೆಲ್ಲ ಸವೆದು ಹೊಳೆಯುತ್ತಿವೆ, ಒಳಗೆ ಮಾತ್ರ ಚೆನ್ನಾಗಿದೆ ಅನಿಸಿತು. ಆದರೆ ನೋಡಿ ಹೇಳುವಷ್ಟು ನನಗೆ ಗೊತ್ತಿಲ್ಲ.

ನಿಜ ಹೇಳಬೇಕು ಅಂದ್ರೆ ಕೈಗೆ ತಗೊಂಡ ಕೂಡಲೇ ಮನಸ್ಸು ಅದರ ಮೇಲೆ ಕೂತುಬಿಟ್ಟಿತು. ಊರಲ್ಲಿ ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಹಿಡುವಳಿ. ಅಜ್ಜನ ಜೋಡಿನಳಿಗೆ ಕೋವಿ ಗೋಡೆ ಮೇಲೆ ಇರುತ್ತಿತ್ತು. ಕೈಲ್‌ಪೊದ್‌ (ಕೊಡವರ ಆಯುಧಪೂಜೆ ಹಬ್ಬ) ದಿನ ಅದನ್ನು ಇಳಿಸಿ, ಒರೆಸಿ, ಎಣ್ಣೆ ಹಾಕಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಇಡುವುದು ನನ್ನ ಕೆಲಸ. ಗ್ಲಾಕ್ ಹಿಡಿದಾಗ ಒಳ್ಳೆ ಡ್ರಿಲ್ಲಿಂಗ್ ಮಷಿನ್ ಹಿಡಿದ ಹಾಗೆ ಇರುತ್ತದೆ. ಇದನ್ನು ಹಿಡಿದಾಗ ಆ ಕೋವಿಯ ನೆನಪಾಯಿತು.

ನನ್ನ ಪ್ರಶ್ನೆಗಳು ಇವು. ಕಂಪನಿ ಮಾಡೋದನ್ನೇ ನಿಲ್ಲಿಸಿದ ಪಿಸ್ತೂಲು ತಗೊಂಡರೆ ಬಿಡಿಭಾಗಕ್ಕೆ ಏನು ಮಾಡೋದು? ಮೊದಲ ಪಿಸ್ತೂಲಾಗಿ .45 ಜಾಸ್ತಿ ಆಗುತ್ತಾ? ತಗೊಳ್ಳುವ ಮುಂಚೆ ಏನೇನು ನೋಡಬೇಕು? ಇನ್ನೊಂದು, ಮನೆಯಲ್ಲಿ ನಾನು, ಹೆಂಡತಿ, ಆರು ವರ್ಷದ ಮಗಳು. ಹೆಂಡತಿಯ ತಮ್ಮ ಹೆಚ್-1ಬಿ ಮೇಲೆ ಬಂದು ಸದ್ಯಕ್ಕೆ ನಮ್ಮ ಜೊತೆಗೇ ಇದ್ದಾನೆ. ಅದರಿಂದ ಏನಾದರೂ ತೊಂದರೆ ಇದೆಯಾ?

ಟೂಸಾನ್ ಮಾವ

ನಾಪೋಕ್ಲು, ಒಳ್ಳೆ ಪಿಸ್ತೂಲು ನೋಡಿದ್ದೀರಿ. ನನ್ನ ಹತ್ತಿರ ಅದೇ ಸಾಲಿನ ಎರಡು ಇವೆ, ಒಂದು 4506, ಇನ್ನೊಂದು ಅಲ್ಯೂಮಿನಿಯಂ ಫ್ರೇಮಿನ 9 ಎಂಎಂ. ಹದಿನಾಲ್ಕು ವರ್ಷದಿಂದ ಹೊಡೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಆ ನಂಬರಿನ ಅರ್ಥ. ಸ್ಮಿತ್‌ನ ಮೂರನೇ ತಲೆಮಾರಿನ ಪಿಸ್ತೂಲುಗಳಿಗೆ ನಾಲ್ಕು ಅಂಕಿಯ ಹೆಸರು. ಮೊದಲ ಎರಡು ಅಂಕಿ ಗುಂಡಿನ ಜಾತಿ, 45 ಅಂದರೆ .45 ಎಸಿಪಿ, 40 ಅಂದರೆ .40, 10 ಅಂದರೆ 10 ಎಂಎಂ. 9 ಎಂಎಂಗೆ ಮಾತ್ರ 39, 59, 69 ಅಂತ ಇರುತ್ತದೆ, ಅವು ಹಳೆಯ ಮಾಡೆಲ್ ನಂಬರುಗಳಿಂದ ಬಂದದ್ದು. ಮೂರನೇದು ಅಳತೆ ಮತ್ತು ಟ್ರಿಗರ್ ತರಹ, 0 ಅಂದರೆ ಪೂರ್ತಿ ಅಳತೆಯದು. ಕೊನೆಯದು ಲೋಹ, 6 ಅಂದರೆ ಫ್ರೇಮು (ಹಿಡಿಕೆ ಇರುವ ಕೆಳಭಾಗ), ಸ್ಲೈಡು (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎರಡೂ ಸ್ಟೇನ್‌ಲೆಸ್. 4506 ಬಂದದ್ದು 1988ರಲ್ಲಿ, ಅದಕ್ಕೂ ಮುಂಚೆ 645 ಅಂತ ಇತ್ತು. 1999ರ ಹೊತ್ತಿಗೆ ನಿಂತಿತು. ಅಂದರೆ ನೀವು ನೋಡಿದ್ದು ಎಷ್ಟೇ ಹೊಸದು ಅಂದರೂ 25 ವರ್ಷ ದಾಟಿದೆ. ಫ್ರೇಮಿನ ಮೇಲೆ 4506-1 ಅಂತ ಇದ್ದರೆ ಇನ್ನೂ ಒಳ್ಳೆಯದು, ಅದು ತಿದ್ದಿ ಮಾಡಿದ್ದು.

ಇದು ನಿಂತಿದ್ದು ಕೆಟ್ಟದ್ದು ಅಂತ ಅಲ್ಲ, ದಯವಿಟ್ಟು ಇದನ್ನು ತಿಳಿದುಕೊಳ್ಳಿ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ಎಫ್‌ಬಿಐಗೂ ಗುಂಡಿನ ಚಕಮಕಿ ಆಯಿತು, ಇಬ್ಬರು ಏಜೆಂಟರು ಸತ್ತರು. 9 ಎಂಎಂ ಗುಂಡು ಒಬ್ಬ ದರೋಡೆಕೋರನ ಮೈಯೊಳಗೆ ಹೋಗಿ ಹೃದಯ ಮುಟ್ಟುವ ಮುಂಚೆಯೇ ನಿಂತಿತ್ತು. ಆಮೇಲೆ ಇಲ್ಲಿನ ಪೊಲೀಸರಿಗೆಲ್ಲ ದೊಡ್ಡ ಗುಂಡೇ ಬೇಕು ಅನ್ನುವ ಕಾಲ ಬಂತು. ಎಫ್‌ಬಿಐ 10 ಎಂಎಂನ 1076 ತಗೊಂಡಿತು, 1990ರಲ್ಲಿ .40 ಹುಟ್ಟಿತು. 4506ಗೆ ಬೇಡಿಕೆ ಇದ್ದದ್ದೂ ಅದೇ ಗಾಳಿಯಲ್ಲಿ. ಆದರೆ ಅಷ್ಟರಲ್ಲಿ ಗ್ಲಾಕ್ ಬಂದಾಗಿತ್ತು. ಪ್ಲಾಸ್ಟಿಕ್ ಫ್ರೇಮು, ಕಡಿಮೆ ಭಾಗ, ಕಡಿಮೆ ಖರ್ಚು. ಸ್ಟೀಲಿನ ಗಟ್ಟಿಯನ್ನು ಕಡಿದು ಕೆತ್ತಿ ಮಾಡುವ ಪಿಸ್ತೂಲು ಆ ಬೆಲೆಗೆ ನಿಲ್ಲಲು ಸಾಧ್ಯವೇ ಇರಲಿಲ್ಲ. ಕೊನೆಗೆ ಎಫ್‌ಬಿಐ ಕೂಡ 9 ಎಂಎಂಗೇ ವಾಪಸ್ ಹೋಯಿತು, ಯಾಕಂದ್ರೆ ಗುಂಡುಗಳೇ ಸುಧಾರಿಸಿದವು. ಹಾಗಾಗಿ .45 ಅಂದರೆ ಏನೋ ಮಹಾ ಶಕ್ತಿ ಅಂತ ತಗೊಳ್ಳಬೇಡಿ. ನಿಮಗೆ ಆ ಪಿಸ್ತೂಲು ಇಷ್ಟ ಅಂತ ತಗೊಳ್ಳಿ.

ಈಗ ಅಂಗಡಿಯಲ್ಲಿ ನೋಡಬೇಕಾದ್ದು. ಮೊದಲು ಅವರಿಗೆ ಹೇಳಿ ಖಾಲಿ ಮಾಡಿಸಿ, ನೀವೂ ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಇಣುಕಿ ನೋಡಿ, ಬೆರಳು ಹಾಕಿ ನೋಡಿ. ಆಮೇಲೆ ಅನುಮತಿ ಕೇಳಿ ಸ್ಲೈಡ್ ಬಿಚ್ಚಿಸಿ. ಫ್ರೇಮಿನ ಮೇಲೆ ಸ್ಲೈಡ್ ಓಡುವ ಹಳಿಗಳಲ್ಲಿ ಬಿರುಕು ಇದೆಯಾ, ನಳಿಗೆ ಬಂದು ಬಡಿಯುವ ಜಾಗದಲ್ಲಿ ಲೋಹ ಹಿಸುಕಿಕೊಂಡಿದೆಯಾ ನೋಡಿ. ಒಂದು ಸಣ್ಣ ಟಾರ್ಚ್ ತಗೊಂಡು ಹೋಗಿ. ಖಾಲಿ ಮ್ಯಾಗಜೀನ್ ಹಾಕಿ ಹಿಂದಿರುವ ಹ್ಯಾಮರ್ (ಬಡಿಯುವ ಸುತ್ತಿಗೆ) ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಜಾರಿ ಬಿದ್ದರೆ ಅಲ್ಲೇ ಇಟ್ಟು ಬನ್ನಿ. ಸ್ಲೈಡ್ ಮೇಲಿನ ಸೇಫ್ಟಿ ಕೆಳಗೆ ಒತ್ತಿದರೆ ಹ್ಯಾಮರ್ ತಾನಾಗಿ ಸುರಕ್ಷಿತವಾಗಿ ಇಳಿಯಬೇಕು, ಸೇಫ್ಟಿ ಕೆಳಗಿರುವಾಗ ಟ್ರಿಗರ್ ಎಳೆದರೆ ಏನೂ ಆಗಬಾರದು. ಮ್ಯಾಗಜೀನ್ ತೆಗೆದರೂ ಈ ಪಿಸ್ತೂಲು ಹೊಡೆಯುವುದಿಲ್ಲ, ಹಾಗೆ ಮಾಡಿದ್ದಾರೆ. ಅದು ಕೆಲಸ ಮಾಡುತ್ತಾ ಅಂತಲೂ ನೋಡಿ, ಆದರೆ ಆ ವ್ಯವಸ್ಥೆ ಮೇಲೆ ಯಾವತ್ತೂ ಭರವಸೆ ಇಡಬೇಡಿ. ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ಗುಂಡು ಕೂತಿರಬಹುದು.

ಪೊಲೀಸ್ ಮಾಲಿನ ಒಂದು ಗುಣ ಏನಂದ್ರೆ, ಹೊರಗೆ ಸವೆದಿರುತ್ತದೆ, ಒಳಗೆ ಅಷ್ಟು ಸವೆದಿರುವುದಿಲ್ಲ. ದಿನಾ ಸೊಂಟದಲ್ಲಿ ಹೊತ್ತರು, ಹೊಡೆದದ್ದು ವರ್ಷಕ್ಕೆ ಕೆಲವು ಸಲ. ಅಂಚು ಹೊಳೆಯುವುದಕ್ಕೆ ಹೆದರಬೇಡಿ. ಗುರಿ ನೋಡುವ ಚುಕ್ಕೆಗಳು ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಆಗಿದ್ದರೆ ಅವು ಸತ್ತಿರುತ್ತವೆ, ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತದೆ. ಅದನ್ನು ಹೇಳಿ ಬೆಲೆ ಇಳಿಸಬಹುದು.

ಬಿಡಿಭಾಗದ ಮಾತು. ಸ್ಪ್ರಿಂಗುಗಳು ಸಿಗುತ್ತವೆ, ಸ್ಪ್ರಿಂಗು ಮಾತ್ರ ಮಾಡುವ ಕಂಪನಿಗಳೇ ಇವೆ. ತಂದ ಮೊದಲ ದಿನವೇ ರಿಕಾಯಿಲ್ ಸ್ಪ್ರಿಂಗು (ಸ್ಲೈಡನ್ನು ವಾಪಸ್ ಮುಂದಕ್ಕೆ ತಳ್ಳುವುದು) ಮತ್ತು ಮ್ಯಾಗಜೀನ್ ಸ್ಪ್ರಿಂಗು ಬದಲಿಸಿ. ಮ್ಯಾಗಜೀನನ್ನೂ ಬೇರೆಯವರು ಮಾಡುತ್ತಾರೆ. ಕಷ್ಟ ಇರುವುದು ಒಳಗಿನ ಸಣ್ಣ ಲಿವರುಗಳಿಗೆ, ಸೇಫ್ಟಿ ಭಾಗಕ್ಕೆ. ಅವು ಹಳೆ ಪಿಸ್ತೂಲು ಬಿಚ್ಚಿ ಮಾರುವವರ ಹತ್ತಿರ ಮಾತ್ರ. ಹಿಡಿಕೆ ಒಂದೇ ತುಂಡಿನ ಗಟ್ಟಿ ಪ್ಲಾಸ್ಟಿಕ್ಕು, ಅದೂ ಬಿರಿದಿದೆಯಾ ನೋಡಿ, ಹೊಸದು ಈಗ ಸುಲಭವಾಗಿ ಸಿಗುವುದಿಲ್ಲ.

ಹ್ಯೂಸ್ಟನ್ ಸುಮಾ

ಟೂಸಾನ್ ಮಾವ ಹೇಳಿದ್ದೆಲ್ಲ ಸರಿ. ಆದರೂ ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪಿಸ್ತೂಲು, ಒಂದೇ ಪಿಸ್ತೂಲು ಅಂತಾದರೆ ಇದು ಬೇಡ. ಒದೆತ ಜಾಸ್ತಿ ಅಂತ ಅಲ್ಲ. 1.1 ಕೆಜಿಗಿಂತ ಜಾಸ್ತಿ ತೂಗುವ ಪಿಸ್ತೂಲು, ಭಾರವೇ ಒದೆತವನ್ನು ನುಂಗುತ್ತದೆ. .45ದು ಚುರುಕ್ಕಂತ ಹೊಡೆಯುವುದಿಲ್ಲ, ನಿಧಾನವಾಗಿ ತಳ್ಳುತ್ತದೆ. ನನ್ನ ಕೈ ಚಿಕ್ಕದು, ನಾನೇ ಒಂದು ಮಧ್ಯಾಹ್ನ ಪೂರ್ತಿ ಹೊಡೆದಿದ್ದೇನೆ. ತೊಂದರೆ ಟ್ರಿಗರಿಂದು. ನೀವು ಗ್ಲಾಕ್‌ನಲ್ಲಿ ಕಲಿತವರು, ಅಲ್ಲಿ ಪ್ರತಿ ಸಲವೂ ಒಂದೇ ಎಳೆತ. ಇದರಲ್ಲಿ ಮೊದಲ ಗುಂಡಿಗೆ ಟ್ರಿಗರ್ ಉದ್ದ, ಗಟ್ಟಿ. ಎರಡನೇದರಿಂದ ಹ್ಯಾಮರ್ ಹಿಂದೆ ನಿಂತಿರುತ್ತದೆ, ಎಳೆತ ಚಿಕ್ಕದು, ಹಗುರ. ಮೊದಲನೇದು ಕೆಳಗೆ ಹೋಗುತ್ತದೆ, ಎರಡನೇದು ನೀವು ಅಂದುಕೊಳ್ಳುವ ಮುಂಚೆಯೇ ಹೋಗುತ್ತದೆ. ಇದನ್ನು ಪಳಗಿಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇನ್ನೂ ಒಂದು ಮುಖ್ಯ ಮಾತು. 1911 ಅನ್ನುವ ಮಾಡೆಲ್ ಪಿಸ್ತೂಲಿನಲ್ಲಿ ಸೇಫ್ಟಿ ಕೆಳಗೆ ಒತ್ತಿದರೆ ಹೊಡೆಯಲು ತಯಾರು. ಇದರಲ್ಲಿ ಕೆಳಗೆ ಒತ್ತಿದರೆ ಸೇಫ್, ಮೇಲೆತ್ತಿದರೆ ತಯಾರು. ಮುಂದೆ ಎರಡೂ ತರಹದ್ದು ಇಟ್ಟುಕೊಂಡರೆ ಬೆರಳಿಗೆ ಗೊಂದಲ ಆಗುತ್ತದೆ.

ಅಭ್ಯಾಸ ಅಂದರೆ ದುಡ್ಡು. .45ರ ಗುಂಡಿಗೆ 9 ಎಂಎಂಗಿಂತ ಒಂದೂವರೆಯಿಂದ ಎರಡು ಪಟ್ಟು ಬೆಲೆ. ಪಿಸ್ತೂಲಿನಲ್ಲಿ ನೂರು ಡಾಲರ್ ಉಳಿಸಿದೆ ಅಂತ ಖುಷಿಪಟ್ಟರೆ ಎರಡು ಮೂರು ತಿಂಗಳ ರೇಂಜಿನಲ್ಲೇ ಅದು ಹೋಗುತ್ತದೆ. ದುಬಾರಿ ಅಂತ ಅಭ್ಯಾಸ ಕಡಿಮೆ ಮಾಡಿದರೆ ಪಿಸ್ತೂಲು ಇಟ್ಟುಕೊಂಡು ಏನು ಬಂತು ಹೇಳಿ.

ನನಗೆ ಒಂದು ಸಲ ಪೆಟ್ಟು ಬಿದ್ದಿದೆ, ಅದಕ್ಕೇ ಇಷ್ಟು ಹೇಳುತ್ತಿರುವುದು. ಬೇರೊಂದು ಹಳೇ ಪಿಸ್ತೂಲು, ಅದೂ ನಿಂತುಹೋದದ್ದೇ, ನೋಡಲು ತುಂಬ ಚೆಂದ. ಎಂಟನೇ ತಿಂಗಳಲ್ಲಿ ಒಳಗಿನ ಒಂದು ಸಣ್ಣ ತುಂಡು ಮುರಿಯಿತು, ಹೆಬ್ಬೆರಳ ಉಗುರಿನಷ್ಟು. ಆ ತುಂಡು ಹುಡುಕಲು ನನಗೆ ಐದು ತಿಂಗಳು ಹಿಡಿಯಿತು. ಅಷ್ಟು ದಿನ ಅದು ಡಬ್ಬಿಯಲ್ಲಿ ಸುಮ್ನೆ ಬಿದ್ದಿತ್ತು. ನನ್ನ ಹತ್ತಿರ ಇನ್ನೊಂದು ಪಿಸ್ತೂಲು ಇದ್ದದ್ದರಿಂದ ನಡೆಯಿತು. ನಿಮ್ಮ ಹತ್ತಿರ ಅದೊಂದೇ ಇದ್ದರೆ?

ತಗೊಳ್ಳುವ ಮುಂಚೆ ಕನಿಷ್ಠ ಒಂದು ಬಾಡಿಗೆ .45ನಲ್ಲಿ ಐವತ್ತು ಗುಂಡು ಹೊಡೆದು ನೋಡಿ. ಆಮೇಲೆ ಈ ಅಂಗಡಿಗೆ ಹೋಗಿ ಹಿಡಿತ ಬದಲಿಸದೆ ನಿಮ್ಮ ಹೆಬ್ಬೆರಳು ಆ ಸೇಫ್ಟಿಗೆ ಮುಟ್ಟುತ್ತಾ ನೋಡಿ. ನನ್ನದು ಮುಟ್ಟುವುದಿಲ್ಲ.

ಕಾಗದಪತ್ರ

ಪಿಸ್ತೂಲಿನ ಗುಣ ನನಗೆ ಗೊತ್ತಿಲ್ಲ, ಕಾನೂನಿನ ಕಡೆ ಮಾತ್ರ ಹೇಳುತ್ತೇನೆ. ನಾನು ವಕೀಲ ಅಲ್ಲ. ಆದರೆ ನನ್ನ ಹೆಚ್-1ಬಿ ಕಾಲದಲ್ಲಿ ಇದನ್ನೆಲ್ಲ ಕೂತು ಓದಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು, ಅದನ್ನು ನೀವು ಕೊನೆಗೆ ಕೇಳಿದ್ದೀರಿ.

ಗ್ರೀನ್ ಕಾರ್ಡ್ ಇರುವವರು ಪಿಸ್ತೂಲು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಬೇಕು, ಅದರಲ್ಲಿ ನಿಮ್ಮ ಏಲಿಯನ್ ನಂಬರ್ (ಗ್ರೀನ್ ಕಾರ್ಡ್ ಮೇಲಿರುವ ವಲಸೆ ನಂಬರ್) ಬರೆಯಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಕೆಲವರಿಗೆ ಕೂಡಲೇ ಸರಿ ಅಂತ ಬರುತ್ತದೆ, ಕೆಲವರಿಗೆ ಕೆಲವು ದಿನ ತಡ ಆಗುತ್ತದೆ. ತಡ ಆದರೆ ಗಾಬರಿ ಬೇಡ.

ಆದರೆ ಹೆಚ್-1ಬಿ, ಎಲ್-1, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾ (ಕೆಲಸ, ಓದು, ಪ್ರವಾಸ) ಮೇಲೆ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ತಡೆಯುತ್ತದೆ. ಕೊಳ್ಳುವುದು ಮಾತ್ರ ಅಲ್ಲ, ಕೈಯಲ್ಲಿ ಇಟ್ಟುಕೊಳ್ಳುವುದೂ ಸೇರಿ. ಕೆಲವು ವಿನಾಯಿತಿ ಇವೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದು ಒಂದು. ನಮ್ಮವರು ಬಹಳ ಜನ ಇದು ತಿಳಿಯದೆ ರೇಂಜಿಗೆ ಹೋಗಿ ಫೋಟೊ ಹಾಕುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಅವರ ಕೈಗೂ ಕೊಟ್ಟು ಫೋಟೊ ತೆಗೆಯುತ್ತಾರೆ. ದಯವಿಟ್ಟು ಮಾಡಬೇಡಿ.

ನಿಮ್ಮ ಭಾಮೈದನ ವಿಷಯ. ಅವನು ಒಂದೇ ಮನೆಯಲ್ಲಿ ಇದ್ದಾನೆ ಅಂತ ನೀವು ಕೊಳ್ಳಬಾರದು ಅಂತಿಲ್ಲ. ಆದರೆ ಅವನು ಬೇಕಾದಾಗ ಎತ್ತಿಕೊಳ್ಳುವ ಜಾಗದಲ್ಲಿ ಅದು ಇದ್ದರೆ, ಅವನ ವಶದಲ್ಲೂ ಇತ್ತು ಅಂತ ವಾದ ಮಾಡಲು ದಾರಿ ಆಗುತ್ತದೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆ ಆದರೆ ಗಡೀಪಾರಿಗೆ ಅದೇ ಸಾಕು, ಗ್ರೀನ್ ಕಾರ್ಡ್ ಇರುವವರನ್ನೂ ಕಳಿಸಬಹುದು. ಹಾಗಾಗಿ ಬೀಗ ಇರುವ ಸೇಫ್, ಅದರ ಕೋಡ್ ಅವನಿಗೆ ಗೊತ್ತಿರಬಾರದು. ಗುಂಡುಗಳೂ ಬೀಗದ ಒಳಗೇ. ಅವನ ಹುಟ್ಟುಹಬ್ಬಕ್ಕೆ ಅಂತ ಯಾರೂ ಪಿಸ್ತೂಲು ಕೊಡಿಸಬಾರದು, ಅವನಿಗಾಗಿ ನೀವು ನಿಮ್ಮ ಹೆಸರಲ್ಲಿ ಕೊಂಡರೆ ಅದೇ ಬೇರೆ ದೊಡ್ಡ ಅಪರಾಧ. ಇದರ ಮೇಲೂ ಅನುಮಾನ ಇದ್ದರೆ ವಲಸೆ ವಕೀಲರ ಹತ್ತಿರ ಅರ್ಧ ಗಂಟೆ ಮಾತಾಡಿ. ಪಿಸ್ತೂಲಿನ ಬೆಲೆಗಿಂತ ಕಡಿಮೆ ಆಗುತ್ತದೆ.

ಟೆಕ್ಸಾಸ್‌ನಲ್ಲಿ 17 ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಸಿಗುವ ಹಾಗೆ ಲೋಡ್ ಮಾಡಿದ ಬಂದೂಕು ಇಟ್ಟು, ಅದು ಅವರ ಕೈಗೆ ಸಿಕ್ಕರೆ ಅದೂ ಅಪರಾಧವೇ. ಮಗಳಿಗೆ ಆರು ವರ್ಷ ಅಂದಿರಿ. ಕಾನೂನು ಹೇಳದಿದ್ದರೂ ನೀವು ಬೀಗ ಹಾಕುತ್ತಿದ್ದಿರಿ ಅಂತ ಗೊತ್ತು, ಆದರೂ ಹೇಳಿದೆ.

ಕೊನೆಗೆ ಒಂದು. ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಅದೇ ಚೀಲ ತಗೊಂಡು ಊರಿಗೆ ಹೊರಟು, ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೇಸು. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟು ಆಮೇಲೆ ಒಪ್ಪಬಹುದು, ಆದರೆ ಆ ರಜೆ ಪೂರ್ತಿ ಠಾಣೆ, ವಕೀಲರು, ಕೋರ್ಟು ಅಂತ ಹೋಗುತ್ತದೆ.

ಕೊಪ್ಪದ ತೋಟ

ಮಧ್ಯೆ ಬಂದೆ, ಕ್ಷಮಿಸಿ. ನಾನು ಊರಲ್ಲೇ ಇರುವವನು, ಮನೆಯಲ್ಲಿ ಲೈಸೆನ್ಸ್ ಇರುವ ತೋಟಾ ಕೋವಿ ಇದೆ, ಅಜ್ಜನ ಕಾಲದ ಕೇಪಿನ ಕೋವಿಯೂ ಇತ್ತು. ಚುನಾವಣೆ ಬಂತು ಅಂದ್ರೆ ಠಾಣೆಗೆ ಕೊಟ್ಟು ಬರಬೇಕು, ಮುಗಿದ ಮೇಲೆ ತರಬೇಕು. ಅಂಗಡಿಗೆ ಹೋಗಿ ಫಾರ್ಮ್ ತುಂಬಿ ಪಿಸ್ತೂಲು ತರುವುದು ಅಂತ ಓದಿದರೆ ನಮಗೆ ಬೇರೆ ಲೋಕ.

ಹಳೇ ಕೋವಿ ಇಟ್ಟುಕೊಂಡವನಾಗಿ ಒಂದೇ ಮಾತು. ಕೆಟ್ಟರೆ ರಿಪೇರಿ ಮಾಡುವ ಕೈ ಹತ್ತಿರದಲ್ಲಿ ಇದೆಯಾ ಅಂತ ಮೊದಲು ನೋಡಿ. ನಮ್ಮ ಕಡೆ ಹಳೇ ಕೋವಿಗಳು ಇವತ್ತಿಗೂ ಬದುಕಿರುವುದು ಅದನ್ನು ಬಲ್ಲ ಒಬ್ಬಿಬ್ಬರು ಹಿರಿಯರಿಂದ. ಅವರು ಹೋದ ಮೇಲೆ ಎಷ್ಟೋ ಕೋವಿ ಗೋಡೆ ಮೇಲೆ ಅಲಂಕಾರಕ್ಕೆ ಉಳಿದವು.

ನಾಪೋಕ್ಲು ಹುಡುಗ

ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಯಾಕಂದ್ರೆ ಹೇಳಿದ್ದನ್ನೆಲ್ಲ ಮಾಡಿ ಬಂದೆ.

ಸುಮಾ ಅಕ್ಕ, ನೀವು ಹೇಳಿದ ಹಾಗೆ ಬಾಡಿಗೆ .45 ತಗೊಂಡು ಐವತ್ತು ಹೊಡೆದೆ, ಸಿಗ್ ಪಿ220 ಸಿಕ್ಕಿತು. ಅದರಲ್ಲೂ ಮೊದಲ ಎಳೆತ ಉದ್ದ. ನೀವು ಹೇಳಿದ್ದು ಅಕ್ಷರಶಃ ಆಯಿತು, ಮೊದಲ ಗುಂಡು ಪ್ರತಿ ಸಲ ಎಡಕ್ಕೆ ಕೆಳಗೆ. ಆದರೆ ನನಗೆ ಅದು ಕಲಿಯಬೇಕು ಅನಿಸಿತು. ಸೇಫ್ಟಿಗೆ ನನ್ನ ಹೆಬ್ಬೆರಳು ಮುಟ್ಟುತ್ತದೆ, ಸ್ವಲ್ಪ ಎಳೆದು ಚಾಚಬೇಕು ಅಷ್ಟೆ.

ಟೂಸಾನ್ ಮಾವ, ಟಾರ್ಚ್ ತಗೊಂಡು ಹೋದೆ. ಅಂಗಡಿಯವರು ಬೇಜಾರಿಲ್ಲದೆ ಬಿಚ್ಚಿ ತೋರಿಸಿದರು. 4506-1 ಅಂತಲೇ ಇದೆ. ಹಳಿಗಳಲ್ಲಿ ಬಿರುಕಿಲ್ಲ, ಹ್ಯಾಮರ್ ಒತ್ತಿದರೆ ಜಾರಲಿಲ್ಲ, ಸೇಫ್ಟಿ ಸರಿಯಾಗಿ ಇಳಿಸುತ್ತದೆ. ಚುಕ್ಕೆಗಳು ಟ್ರಿಟಿಯಂ, ಪೂರ್ತಿ ಸತ್ತಿವೆ. ಹಿಡಿಕೆಯ ಕೆಳಗಿನ ಮೂಲೆಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಇದೆ. ಎರಡನ್ನೂ ಹೇಳಿದೆ, 510ಕ್ಕೆ ಬಂದರು. ನೂರು ಡಾಲರ್ ಮುಂಗಡ ಕೊಟ್ಟು ಎರಡು ವಾರ ಎತ್ತಿಡಲು ಹೇಳಿ ಬಂದಿದ್ದೇನೆ.

ಮನೆ ಕಾವಲಿಗೆ ಅಂತ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅಂತ ತೀರ್ಮಾನಿಸಿದೆ. ರೇಂಜಿಗೆ ಮಾತ್ರ, ತಿಂಗಳಿಗೆ ಒಂದು ಸಲ, ನೂರು ಗುಂಡು. ಅದು ನನ್ನ ಕೈಗೆ ಎಟುಕುವ ಖರ್ಚು. ಮುಂದಿನ ವರ್ಷ ಬೇಕಾದರೆ 9 ಎಂಎಂ ಒಂದು ನೋಡುತ್ತೇನೆ.

ಕಾಗದಪತ್ರ ಸರ್, ನಿಮ್ಮ ಉತ್ತರ ಹೆಂಡತಿಗೂ ಭಾಮೈದನಿಗೂ ಓದಿ ಹೇಳಿದೆ. ಅವನಿಗೆ ಇದು ಏನೂ ಗೊತ್ತಿರಲಿಲ್ಲ, ನಮ್ಮ ಜೊತೆ ರೇಂಜಿಗೆ ಬರಬೇಕು ಅಂತ ಆಸೆಪಟ್ಟಿದ್ದ. ಮುಖ ಸಣ್ಣದಾಯಿತು, ಆದರೆ ಅರ್ಥ ಮಾಡಿಕೊಂಡ. ಸೇಫ್ ನಿನ್ನೆ ಬಂತು. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದೇನೆ, ಬೋಲ್ಟ್ ಬಿಗಿಯುವಾಗ ಸೇಫ್ ಹಿಡಿದುಕೊಂಡವನು ಅವನೇ. ಕೋಡ್ ನನಗೂ ಹೆಂಡತಿಗೂ ಮಾತ್ರ. ಪಿಸ್ತೂಲು ಇನ್ನೂ ಅಂಗಡಿಯಲ್ಲೇ ಇದೆ, ಬರುವ ಶನಿವಾರ ಹೋಗಿ ಫಾರ್ಮ್ ತುಂಬುತ್ತೇನೆ.

ಕೊಪ್ಪದವರು ಹೇಳಿದ್ದು ಒಂದು ಮಾತ್ರ ಬಾಕಿ. ಡಲ್ಲಾಸ್, ಫೋರ್ಟ್ ವರ್ತ್ ಕಡೆ ಹಳೇ ಸ್ಮಿತ್ ಪಿಸ್ತೂಲು ಬಿಚ್ಚಿ ಜೋಡಿಸಿ ಗೊತ್ತಿರುವ ಗನ್‌ಸ್ಮಿತ್ ಯಾರಾದರೂ ನಿಮಗೆ ಗೊತ್ತಿದ್ದಾರಾ? ಗೊತ್ತಿದ್ದರೆ ಮೆಸೇಜ್ ಮಾಡಿ. ಮೊದಲ ಸಲ ಸ್ಪ್ರಿಂಗ್ ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು.

ಟೂಸಾನ್ ಮಾವ

510 ಒಳ್ಳೆ ಬೆಲೆ. ಆ ಕಡೆ ನನಗೆ ಒಬ್ಬರು ಗೊತ್ತು, ಮೆಸೇಜ್ ಕಳಿಸಿದ್ದೇನೆ ನೋಡಿ. ಹಿಡಿಕೆಯ ಬಿರುಕು ಮೇಲಕ್ಕೆ ಏರುತ್ತಾ ಅಂತ ಗುರುತು ಹಾಕಿಡಿ, ನನ್ನ ಹತ್ತಿರ ಹಳೇದೊಂದು ಹಿಡಿಕೆ ಇದೆ, ಬೇಕಾದರೆ ಅಂಚೆಯಲ್ಲಿ ಕಳಿಸುತ್ತೇನೆ. ಹಿಂಬದಿ ನೇರ ಇದೆಯಾ ಬಾಗಿದೆಯಾ ಹೇಳಿ, ನನ್ನದು ನೇರದ್ದು.